ಟ್ಯೂಬ್ ತುದಿ ಸರಿಯಾಗಿ ಬರ್ತಿಲ್ವಾ? ಇನ್ಸರ್ಟ್ ಬಿಚ್ಚೋ ಮುಂಚೆ ಒಂದು ಮಾರ್ಕರ್ ತಗೊಳ್ಳಿ

ಕಟ್ ಮಾಡಿದ ಲೋಹದ ಟ್ಯೂಬನ್ನ ಕ್ಲ್ಯಾಂಪಲ್ಲಿ ಹಿಡಿದು, ತಿರುಗೋ ಟೂಲಿಂದ ಅದರ ತುದಿ ನೀಟ್ ಮಾಡೋ ಮಷೀನ್ ಬಗ್ಗೆ ಹೇಳ್ತಿರೋದು. ತುದಿ ಸರಿಯಾಗಿ ಬರ್ತಿಲ್ಲ ಅಂದ ತಕ್ಷಣ ಎಲ್ರೂ ಮಾಡೋ ಮೊದಲ ಕೆಲ್ಸ ಇನ್ಸರ್ಟ್ (ಟೂಲಿಗೆ ಕೂರಿಸೋ ಕಟಿಂಗ್ ತುಣುಕು) ಬದಲಾಯಿಸೋದು, ನಾನೂ ಅದನ್ನೇ ಮಾಡ್ತಿದ್ದೆ. ಒಂದ್ಸಲ ಬೆಳಗ್ಗೆ ಶಿಫ್ಟಲ್ಲಿ ಹೊರಗಡೆ ಚಾಂಫರ್ (ಅಂಚನ್ನ ಇಳಿಜಾರಾಗಿ ಕತ್ತರಿಸಿದ್ದು) ಒಂದ್ ಕಡೆ ಅಗಲ ಒಂದ್ ಕಡೆ ಸಣ್ಣ ಬರೋಕೆ ಶುರುವಾಯ್ತು, ಮೂರು ಸೆಟ್ ಇನ್ಸರ್ಟ್ ಹಾಕಿ ತೆಗೆದೆ, ಟೂಲ್ ಹೆಡ್ ಪೂರ್ತಿ ಬಿಚ್ಚಿ ಕಟ್ಟಿದೆ, ಊಟದ ಹೊತ್ತಾದ್ರೂ ಅದೇ ಕಥೆ. ಕೊನೆಗೆ ಸುಸ್ತಾಗಿ ಜಾ (ಟ್ಯೂಬನ್ನ ಹಿಡಿಯೋ ಕ್ಲ್ಯಾಂಪಿನ ದವಡೆ) ಬಿಚ್ಚಿ ನೋಡಿದ್ರೆ ಕೆಳಗಿನ ಜಾ ಕೂರೋ ಜಾಗದಲ್ಲಿ ಒಂದು ಚಿಪ್ (ಕತ್ತರಿಸಿದ ಲೋಹದ ಚೂರು) ಒತ್ಕೊಂಡು ಕೂತಿತ್ತು, ಉಗುರಿನ ತುದಿಯಷ್ಟು ಇರ್ಬಹುದು, ಮೈಕ್ರೋಮೀಟರಲ್ಲಿ ಹಿಡಿದ್ರೆ 0.3 ಮಿ.ಮೀ. ದಪ್ಪ. ಅಷ್ಟಕ್ಕೇ ಅರ್ಧ ದಿನ ಹೋಯ್ತು. ಅವತ್ತಿಂದ ತುದಿ ಬಗ್ಗೆ ಯಾರೇ ಕಂಪ್ಲೇಂಟ್ ತಂದ್ರೂ ನಾನು ಕೇಳೋದು ಒಂದೇ, ಈ ತಪ್ಪು ಟ್ಯೂಬ್ ಜೊತೆ ತಿರುಗತ್ತಾ ಇಲ್ಲಾ ಮಷೀನ್ ಜೊತೆ ನಿಲ್ಲತ್ತಾ?

ಇದನ್ನ ಕಂಡುಹಿಡಿಯೋಕೆ ಬೇಕಾಗಿರೋದು ಒಂದು ಪರ್ಮನೆಂಟ್ ಮಾರ್ಕರ್. ಟ್ಯೂಬನ್ನ ಕ್ಲ್ಯಾಂಪಲ್ಲಿ ಇಟ್ಟು, ತುದಿಯನ್ನ ಗಡಿಯಾರ ಅಂತ ಅಂದ್ಕೊಂಡು, 12 ಗಂಟೆ ಜಾಗದಲ್ಲಿ ಒಂದು ಗೆರೆ ಎಳೀರಿ. ಓಡ್ಸಿ. ಹೊರಗೆ ತೆಗೆದು ಚಾಂಫರ್ ಎಲ್ಲಿ ಅಗಲ ಇದೆ ಅಂತ ನೋಡಿ, ಉದಾಹರಣೆಗೆ 4 ಗಂಟೆ ಹತ್ರ ಅಂದ್ಕೊಳ್ಳಿ, ಅಲ್ಲೊಂದು ಚುಕ್ಕಿ ಇಡಿ. ಈಗ ಅದೇ ಟ್ಯೂಬನ್ನ 90 ಡಿಗ್ರಿ ತಿರುಗಿಸಿ ಮತ್ತೆ ಕ್ಲ್ಯಾಂಪ್ ಮಾಡಿ, ಸ್ಟಾಪರ್ (ಟ್ಯೂಬನ್ನ ತಾಗಿಸಿ ನಿಲ್ಲಿಸೋ ತಡೆ) ಹೊಂದಿಸ್ಕೊಂಡು ಹಳೇ ಚಾಂಫರ್ ಪೂರ್ತಿ ಹೋಗೋ ಹಾಗೆ ಒಂದೆರಡು ಮಿ.ಮೀ. ಜಾಸ್ತಿ ಫೇಸಿಂಗ್ (ತುದಿಯ ಮುಖನ ಮಟ್ಟ ಕತ್ತರಿಸೋದು) ಮಾಡಿ ಇನ್ನೊಂದ್ಸಲ ಓಡ್ಸಿ. ಅಗಲವಾದ ಜಾಗ ನಿಮ್ಮ ಚುಕ್ಕಿ ಜೊತೆನೇ ತಿರುಗಿ ಹೋಗಿದ್ರೆ ತಪ್ಪು ಟ್ಯೂಬಿಂದು, ಟ್ಯೂಬ್ ತಿರುಗಿದ್ರೂ ಅದು ಮಾತ್ರ 4 ಗಂಟೆಲೇ ಕೂತಿದ್ರೆ ತಪ್ಪು ಮಷೀನಿಂದು. ಬೇರೆ ಬೇರೆ ಪೀಸ್ ಹಾಕಿ ನೋಡಿದ್ರೆ ಆಗಲ್ವಾ ಅಂತ ಕೇಳ್ತಾರೆ, ಆಗಲ್ಲ, ಯಾಕಂದ್ರೆ ಆಪರೇಟರ್ ಎಲ್ಲಾ ಪೀಸನ್ನೂ ವೆಲ್ಡ್ ಸೀಮ್ (ಬೆಸುಗೆ ಗೆರೆ) ಮೇಲ್ಗಡೆ ಬರೋ ಹಾಗೆ ಲೋಡ್ ಮಾಡೋ ಅಭ್ಯಾಸ ಇಟ್ಕೊಂಡಿದ್ರೆ ಎರಡೂ ತಪ್ಪು ಒಂದೇ ಥರ ಕಾಣತ್ತೆ. ಅದಕ್ಕೇ ಅದೇ ಪೀಸ್ ಬೇಕು.

ಮಷೀನಿಂದು ಅಂತ ಗೊತ್ತಾದ್ಮೇಲೆ ಒಳಗಡೆ ಚಾಂಫರನ್ನೂ ನೋಡಿ, ಇದನ್ನ ತುಂಬಾ ಜನ ನೋಡಲ್ಲ. ಟ್ಯೂಬ್ ಸೆಂಟರ್ ಸ್ಪಿಂಡಲ್ (ಟೂಲ್ ತಿರುಗಿಸೋ ದಂಡ) ಸೆಂಟರಿಂದ ಪಕ್ಕಕ್ಕೆ ಸರಿದಿದ್ರೆ ಓಡಿ (OD, ಹೊರ ವ್ಯಾಸದ) ಚಾಂಫರ್ ಯಾವ ಕಡೆ ಅಗಲ ಇರತ್ತೋ ಅದೇ ಕಡೆ ಐಡಿ (ID, ಒಳ ವ್ಯಾಸದ) ಚಾಂಫರ್ ಸಣ್ಣ ಇರತ್ತೆ, ಎದುರುಗಡೆ ಉಲ್ಟಾ. ಎಷ್ಟು ಸರಿದಿದೆ ಅನ್ನೋದೂ ಅಲ್ಲೇ ಸಿಗತ್ತೆ, ಅತೀ ಅಗಲದಿಂದ ಅತೀ ಸಣ್ಣದನ್ನ ಕಳೆದು ಅರ್ಧ ಮಾಡಿ (ಅಗಲ ಅಂದ್ರೆ ಇಲ್ಲಿ ಗೋಡೆ ದಪ್ಪದ ದಿಕ್ಕಲ್ಲಿ ಅಳೆದಿದ್ದು, ಇಳಿಜಾರಿನ ಉದ್ದಕ್ಕೆ ಅಲ್ಲ). ನನ್ನ ಕೇಸಲ್ಲಿ ಒಂದ್ ಕಡೆ 0.9, ಎದುರುಗಡೆ 0.3 ಇತ್ತು, ವ್ಯತ್ಯಾಸ 0.6, ಅರ್ಧ 0.3. ಚಿಪ್ ದಪ್ಪ ಎಷ್ಟಿತ್ತು ಅಂತ ಮೇಲೆ ಹೇಳಿದೀನಿ ನೋಡಿ. ಈ ಲೆಕ್ಕ ಅವತ್ತು ಬೆಳಗ್ಗೆನೇ ಹಾಕಿದ್ರೆ ಇನ್ಸರ್ಟ್ ಡಬ್ಬಿ ಕಡೆ ಕೈನೇ ಹೋಗ್ತಿರ್ಲಿಲ್ಲ.

ಜಾ ಬಿಚ್ಚಿ, ಸೀಟ್ ಒರೆಸಿ, ಬರೀ ಏರ್ ಹೊಡೆದ್ರೆ ಸಾಲದು ಬಟ್ಟೆ ಹಾಕಿ ಒರೆಸ್ಬೇಕು, ಬೆರಳಾಡಿಸಿ ನೋಡಿ ವಾಪಸ್ ಕಟ್ಟಿ. ಆಮೇಲೂ ಹಾಗೇ ಇದ್ರೆ, ಮಷೀನ್ ಪವರ್ ಆಫ್ ಮಾಡಿ, ಸ್ಪಿಂಡಲ್‌ಗೆ ಡಯಲ್ ಗೇಜ್ ಹಾಕಿ ಕೈಯಲ್ಲಿ ತಿರುಗಿಸ್ತಾ ಕ್ಲ್ಯಾಂಪಲ್ಲಿರೋ ಒಂದು ಒಳ್ಳೇ ರೌಂಡ್ ಬಾರ್ ಸುತ್ತ ಓದಿ. ಟ್ಯೂಬ್ ಮೇಲೆ ಡಯಲ್ ಇಡ್ಬೇಡಿ, ಟ್ಯೂಬಿನ ಓವಾಲಿಟಿನೂ (ಮೊಟ್ಟೆ ಆಕಾರ) ಓದಲ್ಲಿ ಸೇರ್ಕೊಂಡು ಇನ್ನೂ ಗೊಂದಲ ಆಗತ್ತೆ.

ಟ್ಯೂಬಿಂದು ಅಂತ ಬಂದ್ರೆ ಅದರಲ್ಲೂ ಎರಡು ಥರ ಇದೆ. ಓಡಿ ಚಾಂಫರ್ ಸುತ್ತ ಸಮ ಇದೆ, ಐಡಿ ಮಾತ್ರ ಒಂದ್ ಕಡೆ ಅಗಲ ಇನ್ನೊಂದ್ ಕಡೆ ಸಣ್ಣ ಅಂದ್ರೆ ಟ್ಯೂಬಿನ ಗೋಡೆ ದಪ್ಪನೇ ಸಮ ಇಲ್ಲ, ಸೀಮ್‌ಲೆಸ್ ಟ್ಯೂಬಲ್ಲಿ ಇದು ಮಾಮೂಲು, ವೆಲ್ಡ್ ಟ್ಯೂಬ್ ಪಟ್ಟಿಯಿಂದ ಮಾಡೋದಾದ್ರಿಂದ ಅದರಲ್ಲಿ ಕಮ್ಮಿ. ಎದುರುಬದುರು ಎರಡು ಕಡೆ ಅಗಲ, ಮಧ್ಯೆ ಎರಡು ಕಡೆ ಸಣ್ಣ ಬಂದಿದ್ರೆ ಟ್ಯೂಬ್ ಮೊಟ್ಟೆ ಆಕಾರ ಆಗಿದೆ. ಆದ್ರೆ ಇಲ್ಲೊಂದು ಮೋಸ ಇದೆ, ಗೋಡೆ ತೆಳು ಇದ್ದಾಗ ಕ್ಲ್ಯಾಂಪ್ ಪ್ರೆಶರ್ ಜಾಸ್ತಿ ಆದ್ರೆ ಜಾನೇ ಟ್ಯೂಬನ್ನ ಹಿಂಡಿ ಮೊಟ್ಟೆ ಮಾಡತ್ತೆ, ಹಿಂಡಿದ ಸ್ಥಿತಿಲೇ ಚಾಂಫರ್ ಗುಂಡಗೆ ಆಗತ್ತೆ, ಕ್ಲ್ಯಾಂಪ್ ಬಿಟ್ಟ ತಕ್ಷಣ ಟ್ಯೂಬ್ ವಾಪಸ್ ಗುಂಡಗಾಗಿ ಚಾಂಫರ್ ವಕ್ರ ಆಗತ್ತೆ. ಎರಡು ಅಗಲ ಇದೆ, ಆದ್ರೆ ಟ್ಯೂಬ್ ಜೊತೆ ತಿರುಗ್ತಿಲ್ಲ ಅಂದ್ರೆ ಇದೇ. ಪ್ರೆಶರ್ ಇಳಿಸಿ, ಟ್ಯೂಬಿನ ಸೈಜಿಗೆ ಸರಿಯಾಗಿ ತಬ್ಬೋ ಜಾ ಹಾಕಿ. ವಿ ಆಕಾರದ ಜಾ ಒಂದೇ ಸೆಟ್ ಇಟ್ಕೊಂಡು ಎಲ್ಲಾ ಸೈಜೂ ಹಿಡಿಯೋದು ತೆಳು ಗೋಡೆಗೆ ನಡಿಯಲ್ಲ.

ತುದಿ ಮೇಲೆ ಗರಗಸದ ಗೆರೆ ಉಳಿದ್ರೆ

ಫೇಸಿಂಗ್ ಆದ್ಮೇಲೂ ಒಂದು ಕಡೆ ಅರ್ಧಚಂದ್ರದ ಥರ ಬ್ಲೇಡ್ ಗೆರೆ ಹಾಗೇ ಉಳಿಯತ್ತೆ. ಇದಕ್ಕೆ ಟೂಲ್ ಬೈಯೋದು ಬೇಡ, ಗರಗಸ ಓರೆ ಕತ್ತರಿಸಿದೆ. 50 ಮಿ.ಮೀ. ಟ್ಯೂಬಲ್ಲಿ ಬರೀ 1 ಡಿಗ್ರಿ ಓರೆ ಆದ್ರೆ ಈ ತುದಿಗೂ ಆ ತುದಿಗೂ 0.87 ಮಿ.ಮೀ. ವ್ಯತ್ಯಾಸ, ನೀವು ಫೇಸಿಂಗ್‌ಗೆ ಬಿಟ್ಟಿರೋದು 0.5 ಮಿ.ಮೀ. ಅಂದ್ರೆ ಟೂಲ್ ಆ ಕಡೆ ಮುಟ್ಟೋದೇ ಇಲ್ಲ. ಫೇಸಿಂಗ್ ಆಳ ಜಾಸ್ತಿ ಮಾಡಿ ಇವತ್ತು ತಪ್ಪಿಸ್ಕೋಬಹುದು, ಆದ್ರೆ ಬ್ಲೇಡ್ ಯಾಕೆ ಓರೆ ಹೋಗ್ತಿದೆ ನೋಡ್ಲೇಬೇಕು. ಬ್ಯಾಂಡ್ ಸಾ ಆದ್ರೆ ಟೆನ್ಶನ್ ಕಮ್ಮಿ, ಗೈಡ್ ಟ್ಯೂಬಿಂದ ದೂರ, ಇಲ್ಲಾ ಹಲ್ಲು ಒಂದೇ ಬದಿ ಸವೆದಿದೆ.

ಗೆರೆ ಎಲ್ಲಾ ಹೋಗಿದೆ, ಆದ್ರೂ ತುದಿ ಮಟ್ಟ ಇಲ್ಲ ಅಂದ್ರೆ ಅದು ಬೇರೆ ವಿಷ್ಯ. ಫೇಸಿಂಗ್ ಟೂಲ್ ಯಾವಾಗ್ಲೂ ಸ್ಪಿಂಡಲ್‌ಗೆ ನೇರ ಲಂಬವಾಗೇ ಕಟ್ ಮಾಡತ್ತೆ, ಹಾಗಾಗಿ ಟ್ಯೂಬ್ ಓರೆಯಾಗಿ ಹಿಡ್ಕೊಂಡಿದೆ, ಇಲ್ಲಾ ಟ್ಯೂಬೇ ಬಗ್ಗಿದೆ. ಮತ್ತೆ ಅದೇ ಮಾರ್ಕರ್ ಟೆಸ್ಟ್. ಈ ಸಲ ಚಾಂಫರ್ ಬದಲು ಟ್ರೈ ಸ್ಕ್ವೇರ್ (ಮೂಲೆಮಟ್ಟ) ಹಿಡಿದು ಬೆಳಕು ಎಲ್ಲಿ ಬರತ್ತೆ ನೋಡಿ.

ಬರ್ ಹೋಗ್ತಾನೇ ಇಲ್ಲ

ಇದೇ ಅತೀ ಹೆಚ್ಚು ಬರೋ ಕಂಪ್ಲೇಂಟ್, ಇದರಲ್ಲೇ ಅತೀ ಹೆಚ್ಚು ಗೊಂದಲ ಕೂಡ, ಯಾಕಂದ್ರೆ ಬರ್ (ಅಂಚಲ್ಲಿ ಉಳಿಯೋ ಚೂಪು ಲೋಹ) ಅಂತ ಒಂದೇ ಹೆಸ್ರಲ್ಲಿ ಮೂರು ಬೇರೆ ಬೇರೆ ವಸ್ತುನ ಕರೀತೀವಿ.

ಮೊದಲನೇದು ಗರಗಸದಿಂದ ಬಂದಿದ್ದು, ಬ್ಲೇಡ್ ಹೊರಗೆ ಹೋಗೋ ಕಡೆ ದಪ್ಪ, ಬೇರು ಅಗಲ, ಉಗುರಲ್ಲಿ ಎಳೆದ್ರೆ ಬಗ್ಗಲ್ಲ. ಇದು ಒಳಗಡೆ ಮಡಚ್ಕೊಂಡು ಬಿಟ್ರೆ ಐಡಿ ಚಾಂಫರ್ ಟೂಲ್ ಅದನ್ನ ಕಟ್ ಮಾಡೋ ಬದಲು ಇನ್ನೂ ಒಳಗೆ ತಳ್ಳತ್ತೆ, ಚಾಂಫರ್ ಹಿಂದೆ ಒಂದು ಉಂಗುರದ ಥರ ಅಂಟ್ಕೊಂಡಿರತ್ತೆ. ಚಕ್ರದ ಕಟರಲ್ಲಿ ಕತ್ತರಿಸಿದ ಟ್ಯೂಬಿಗೆ ಇದು ಇನ್ನೂ ಜಾಸ್ತಿ, ಅಲ್ಲಿ ಚಿಪ್ಸೇ ಬರಲ್ಲ, ಲೋಹನ ಒತ್ತಿ ಒಳಗಡೆ ತಳ್ಳೋದೇ ಅದರ ಕೆಲ್ಸ, ಒಳ ವ್ಯಾಸನೇ ಕಮ್ಮಿ ಆಗಿಬಿಡತ್ತೆ. ಮದ್ದು ಗರಗಸದ ಹತ್ರನೇ ಇದೆ. ಬ್ಲೇಡ್ ಮೊಂಡಾಗಿದೆಯಾ ನೋಡಿ, ತೆಳು ಗೋಡೆಗೆ ದೊಡ್ಡ ಹಲ್ಲಿನ ಬ್ಲೇಡ್ ಹಾಕಿದಾರಾ ನೋಡಿ, ಗೋಡೆ ಒಳಗೆ ಒಂದೇ ಸಲಕ್ಕೆ ಎರಡು ಮೂರು ಹಲ್ಲಾದ್ರೂ ಇರ್ಬೇಕು, ಇಲ್ಲಾಂದ್ರೆ ಹಲ್ಲು ಕತ್ತರಿಸಲ್ಲ, ಕಿತ್ತು ತೆಗೆಯತ್ತೆ. ಫೀಡ್ (ಬ್ಲೇಡ್ ಮುಂದೆ ಹೋಗೋ ವೇಗ) ತೀರಾ ಕಮ್ಮಿ ಇಟ್ರೂ ಬರ್ ಹೆಚ್ಚತ್ತೆ, ಹಲ್ಲು ಉಜ್ಜತ್ತೆ ಅಷ್ಟೇ. ನಿಧಾನ ಓಡ್ಸಿದ್ರೆ ನೀಟಾಗಿ ಬರತ್ತೆ ಅನ್ನೋ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ, ಹೊಸಬರೆಲ್ಲ ಅದನ್ನೇ ಮಾಡ್ತಾರೆ.

ಎರಡನೇದು ಚಾಂಫರ್ ಟೂಲೇ ಮಾಡಿದ್ದು, ತೆಳು, ಕೂದಲಿನ ಥರ, ಚಾಂಫರ್ ಮುಗಿಯೋ ಅಂಚಲ್ಲಿ ನಿಂತಿರತ್ತೆ, ಬಿಸಿಲಿಗೆ ಹಿಡಿದ್ರೆ ಮಿಂಚತ್ತೆ, ಹತ್ತಿ ಕಡ್ಡಿ ಸುತ್ತ ಆಡಿಸಿದ್ರೆ ಎಳೆ ಸಿಕ್ಕಿಹಾಕ್ಕೊಳ್ಳತ್ತೆ. ಇದಕ್ಕೆ ಮಾತ್ರ ಇನ್ಸರ್ಟ್ ಬದಲಾಯಿಸೋದು ಸರಿಯಾದ ಉತ್ತರ. ಮತ್ತೆ ಕೆಲ್ಸದ ಸರದಿನೂ ನೋಡಿ, ಬೇರೆ ಬೇರೆ ಸ್ಟೇಷನಲ್ಲಿ ಮಾಡ್ತಿದ್ರೆ ಫೇಸಿಂಗ್ ಮೊದಲು ಆಗ್ಬೇಕು, ಚಾಂಫರ್ ಆಮೇಲೆ, ಯಾಕಂದ್ರೆ ಫೇಸಿಂಗ್ ಬರನ್ನ ಒಳಗೂ ಹೊರಗೂ ತಳ್ಳತ್ತೆ, ಚಾಂಫರ್ ಅದನ್ನ ತೆಗೆಯತ್ತೆ. ಉಲ್ಟಾ ಮಾಡಿದ್ರೆ ನೀಟಾಗಿರೋ ಚಾಂಫರ್ ಮೇಲೆ ಹೊಸ ಬರ್ ಕೂರಿಸಿದಂಗೆ.

ಮೂರನೇದು ನಿಜವಾಗ್ಲೂ ಬರ್ ಅಲ್ಲವೇ ಅಲ್ಲ, ಅಂಟ್ಕೊಂಡಿರೋ ಲೋಹ. ಅಲ್ಯೂಮಿನಿಯಂ ಮತ್ತು ತಾಮ್ರದಲ್ಲಿ ಇನ್ಸರ್ಟ್ ತುದಿಗೆ ಲೋಹ ಅಂಟಿ ಗುಡ್ಡೆ ಆಗತ್ತೆ, ಆ ಗುಡ್ಡೆ ಕಿತ್ಕೊಂಡಾಗ ಚಾಂಫರ್ ಮೇಲೆ ಒಂದು ತೇಪೆ ಬಿಡತ್ತೆ. ಇನ್ಸರ್ಟ್ ತೆಗೆದು ಭೂತಗನ್ನಡಿಲಿ ನೋಡಿದ್ರೆ ಅಲ್ಯೂಮಿನಿಯಂ ಆದ್ರೆ ಬೆಳ್ಳಗೆ, ತಾಮ್ರ ಆದ್ರೆ ಕೆಂಪಗೆ ಕಾಣತ್ತೆ. ಪಾಲಿಶ್ ಮಾಡಿದ ಚೂಪು ಇನ್ಸರ್ಟ್, ಸ್ಪೀಡ್ ಜಾಸ್ತಿ, ಕೂಲಂಟ್ ನೇರ ಅಂಚಿಗೆ ಬೀಳೋ ಹಾಗೆ ನಾಜಲ್ ತಿರುಗಿಸಿ, ಅಷ್ಟೇ.

ಸ್ಟೇನ್‌ಲೆಸ್ 304 ಅಂಥದ್ದರಲ್ಲಿ ಇನ್ನೊಂದು ತಲೆನೋವು. ಟೂಲ್ ಕಟ್ ಮಾಡದೆ ಒಂದೇ ಕಡೆ ನಿಂತು ಉಜ್ಜಿದ್ರೆ ಆ ಮೇಲ್ಮೈ ಗಟ್ಟಿ ಆಗಿಬಿಡತ್ತೆ, ಮುಂದಿನ ಟೂಲ್ ಅಲ್ಲಿ ಜಾರತ್ತೆ ಇಲ್ಲಾ ಒಡೆಯತ್ತೆ. ಫೀಡ್ ಕೊನೇಲಿ ಎರಡು ಮೂರು ಸುತ್ತು ನಿಲ್ಲೋದು ಮುಖ ನೀಟಾಗೋಕೆ ಸಾಕು, ಅದಕ್ಕಿಂತ ಜಾಸ್ತಿ ಬೇಡ. ಸೆಟ್ಟಿಂಗಲ್ಲಿ 1 ಸೆಕೆಂಡ್ ಅಂತ ಹಾಕಿರ್ತಾರೆ, ಕೇಳೋಕೆ ಕಮ್ಮಿ ಅನ್ಸತ್ತೆ, 600 ಆರ್‌ಪಿಎಂನಲ್ಲಿ ಅದು 10 ಸುತ್ತು! ಆಕ್ಸಿಜನ್ ಹಾಕಿ ಲೇಸರಲ್ಲಿ ಕಟ್ ಮಾಡಿದ ಕಾರ್ಬನ್ ಸ್ಟೀಲ್ ಟ್ಯೂಬಿಗೂ ತುದಿ ಗಟ್ಟಿ ಆಗಿರತ್ತೆ, ಇನ್ಸರ್ಟ್ ಬೇಗ ಸವೀತಿದ್ರೆ ಮೊದಲು ಟ್ಯೂಬ್ ಯಾವ ಮಷೀನಿಂದ ಬಂತು ಅಂತ ಕೇಳಿ.

ಚಾಟರ್

ತುದಿ ಮೇಲೆ ಅಲೆ ಅಲೆ ಗೆರೆ, ಜೊತೆಗೆ ಕಿರ್ ಅನ್ನೋ ಸದ್ದು. ಅಲೆ ಎಣಿಸಿ, ತಮಾಷೆ ಅಲ್ಲ, ಸುತ್ತ ಎಷ್ಟಿದೆ ಅಂತ ನಿಜವಾಗ್ಲೂ ಎಣಿಸಿ. 600 ಆರ್‌ಪಿಎಂನಲ್ಲಿ 40 ಅಲೆ ಇದ್ರೆ ಸೆಕೆಂಡಿಗೆ 10 ಸುತ್ತು ಇಂಟು 40, ಅಂದ್ರೆ ಸೆಕೆಂಡಿಗೆ 400 ಸಲ ಏನೋ ಅದುರ್ತಿದೆ. ಈಗ 480ಕ್ಕೆ ಇಳಿಸಿ ನೋಡಿ, ಅಲೆ 50ರ ಆಸುಪಾಸು ಬಂದ್ರೆ ಮತ್ತೆ ಅದೇ 400, ಅಂದ್ರೆ ಅದುರ್ತಿರೋದು ಟ್ಯೂಬೋ ಹೋಲ್ಡರೋ ತನ್ನ ಸ್ವಂತ ಲಯದಲ್ಲಿ ಅದುರ್ತಿದೆ, ಟೂಲ್ ಅದನ್ನ ಕೆಣಕ್ತಿದೆ ಅಷ್ಟೇ. ಆಗ ನೋಡ್ಬೇಕಾಗಿರೋದು ಟ್ಯೂಬ್ ಕ್ಲ್ಯಾಂಪಿಂದ ಎಷ್ಟು ಆಚೆ ಚಾಚಿದೆ ಅಂತ. ಚಾಚಿದ ಉದ್ದ ಎರಡರಷ್ಟಾದ್ರೆ ಬಾಗೋದು ಎಂಟರಷ್ಟಾಗತ್ತೆ, ಹಾಗಾಗಿ 40 ಮಿ.ಮೀ. ಇದ್ದಿದ್ದನ್ನ 20ಕ್ಕೆ ತಂದ್ರೆ ಬೇರೇನೂ ಮುಟ್ಟದೆ ಸದ್ದು ನಿಂತು ಹೋಗಿದ್ದು ನೋಡಿದೀನಿ. ಆಮೇಲೆ ಆರ್‌ಪಿಎಂ ಇಳಿಸಿ ಫೀಡ್ ಸ್ವಲ್ಪ ಏರಿಸಿ.

ಆರ್‌ಪಿಎಂ ವಿಷ್ಯ ಬಂತಲ್ಲ, ಜಾಬ್ ಬದಲಾದ ದಿನನೇ ಚಾಟರ್ ಶುರುವಾಗಿದ್ರೆ ಲೆಕ್ಕ ಹಾಕಿ ನೋಡಿ. 1000ವನ್ನ ಕಟಿಂಗ್ ಸ್ಪೀಡಿಗೆ ಗುಣಿಸಿ, 3.14 ಇಂಟು ವ್ಯಾಸದಿಂದ ಭಾಗಿಸಿ. ನಿಮಿಷಕ್ಕೆ 80 ಮೀಟರ್ ಬೇಕು ಅಂದ್ರೆ 25 ಮಿ.ಮೀ. ಟ್ಯೂಬಿಗೆ ಸುಮಾರು 1020 ಆರ್‌ಪಿಎಂ, 50ಕ್ಕೆ 510. ನಿನ್ನೆ 25 ಓಡ್ತಿತ್ತು, ಇವತ್ತು 50 ಹಾಕಿದಾರೆ, ಸ್ಪೀಡ್ ಯಾರೂ ಮುಟ್ಟಿಲ್ಲ, ಆಮೇಲೆ ಇನ್ಸರ್ಟ್ ಕಂಪನಿಗೆ ಬೈತಾ ಕೂರ್ತಾರೆ.

ಅಲೆ ಇಲ್ಲ, ಸುತ್ತಲ್ಲಿ ಒಂದೇ ಒಂದು ಗಾಯ ಇದೆ ಅಂದ್ರೆ ಅದು ಚಾಟರಲ್ಲ, ವೆಲ್ಡ್ ಸೀಮ್ ಒಳಗಡೆ ಉಬ್ಬಿರತ್ತಲ್ಲ ಅದಕ್ಕೆ ಟೂಲ್ ಹೊಡೀತಿದೆ. ಐಡಿ ಇನ್ಸರ್ಟ್ ಪದೇ ಪದೇ ಚಿಪ್ ಆಗೋಕೂ ಇದೇ ಕಾರಣ. ಆದ್ರೆ ಒಂದೇ ಪಾಕೆಟಲ್ಲಿರೋ (ಇನ್ಸರ್ಟ್ ಕೂರೋ ಗೂಡು) ಇನ್ಸರ್ಟ್ ಮಾತ್ರ ಸಾಯ್ತಾ ಇದ್ದು ಪಕ್ಕದ್ದು ಹೊಸದರ ಹಾಗೇ ಇದ್ರೆ ಆ ಪಾಕೆಟಿನ ಸೀಟ್ ಕೆಟ್ಟಿದೆ, ಅದು ಮಿಕ್ಕಿದ್ದಕ್ಕಿಂತ ಮುಂದೆ ಚಾಚಿ ಎಲ್ಲರ ಕೆಲ್ಸನೂ ತಾನೊಬ್ಬನೇ ಮಾಡ್ತಿದೆ. ಎಲ್ಲಾ ಅಂಚಿಗೂ ಮಾರ್ಕರ್ ಹಚ್ಚಿ ಒಂದೇ ಒಂದು ಪೀಸ್ ಓಡ್ಸಿ, ಯಾವುದರ ಬಣ್ಣ ಹೋಯ್ತೋ ಅದು ಕೆಲ್ಸ ಮಾಡ್ತಿದೆ, ಯಾವುದರದ್ದು ಹಾಗೇ ಇದೆಯೋ ಅದು ಪುಕ್ಕಟೆ ಸುತ್ತು ಹಾಕ್ತಿದೆ.

ಬರ್ ತೆಗೆಯೋಕೆ ತಂತಿ ಬ್ರಷ್ ಇದ್ರೆ ಒಂದೆರಡು ಮಾತು. ಬ್ರಷ್ ಒಂದೇ ದಿಕ್ಕಿಗೆ ತಿರುಗಿದ್ರೆ ಬರ್ ಬೀಳಲ್ಲ, ಆಚೆ ಮಗ್ಗಲಿಗೆ ಮಲಗತ್ತೆ, ಅದಕ್ಕೇ ದಿಕ್ಕು ಬದಲಾಯಿಸಿ ಎರಡೂ ಕಡೆಯಿಂದ ಹೊಡೀಬೇಕು. ಜೋರಾಗಿ ಒತ್ತಿದ್ರೆ ಜಾಸ್ತಿ ಕೆಲ್ಸ ಆಗತ್ತೆ ಅನ್ನೋದೂ ಸುಳ್ಳು, ತಂತಿಯ ತುದಿ ಕೆಲ್ಸ ಮಾಡೋದು, ಒತ್ತಿದ್ರೆ ತಂತಿ ಬಾಗಿ ಹೊಟ್ಟೆಲಿ ಸವರತ್ತೆ, ತುದಿ ಬಿಸಿ ಆಗತ್ತೆ, ಬ್ರಷ್ ಬೇಗ ಹಾಳು. ಸ್ಟೇನ್‌ಲೆಸ್ ಟ್ಯೂಬ್ ತುದಿಲಿ ಕೆಲವು ದಿನ ಆದ್ಮೇಲೆ ಕಂದು ಚುಕ್ಕಿ ಬಂತು ಅಂದ್ರೆ ಟ್ಯೂಬ್ ಕಳಪೆ ಅಂತ ತೀರ್ಮಾನ ಮಾಡೋ ಮುಂಚೆ ಅದೇ ಬ್ರಷಲ್ಲಿ ಮಾಮೂಲಿ ಸ್ಟೀಲ್ ಹೊಡೆದಿದ್ರಾ ಕೇಳಿ, ಕಬ್ಬಿಣದ ಪುಡಿ ಒತ್ಕೊಂಡು ಅದು ತುಕ್ಕು ಹಿಡಿದಿರತ್ತೆ. ಸ್ಟೇನ್‌ಲೆಸ್‌ಗೆ ಬೇರೆ ಬ್ರಷ್, ಬೇರೆ ಡಬ್ಬಿ.

ಉದ್ದ ಹೆಚ್ಚು ಕಮ್ಮಿ ಬರ್ತಿದ್ರೆ ಸ್ಟಾಪರ್ ಮೇಲೆ ಚಿಪ್ ಕೂತಿದೆಯಾ ನೋಡಿ, ಅದರ ದಪ್ಪದಷ್ಟೇ ಉದ್ದ ವ್ಯತ್ಯಾಸ ಆಗತ್ತೆ. ಅಲ್ಲಿ ಸ್ವಚ್ಛ ಇದ್ರೆ ಟ್ಯೂಬ್ ಕ್ಲ್ಯಾಂಪಲ್ಲಿ ಜಾರ್ತಿದೆ. ಜಾ ಅಂಚಿಗೆ ಸರಿಯಾಗಿ ಟ್ಯೂಬ್ ಮೇಲೆ ಮಾರ್ಕರಲ್ಲಿ ಅಡ್ಡಗೆರೆ ಎಳೆದು ಓಡ್ಸಿ, ಗೆರೆ ಸರಿದಿದ್ರೆ ಉತ್ತರ ಸಿಕ್ತು. ಎಣ್ಣೆ ಮೆತ್ತಿರೋ ಟ್ಯೂಬ್, ಸವೆದ ಜಾ, ಮೊಂಡ ಟೂಲ್, ಮೂರರಲ್ಲಿ ಒಂದು. ಮೊಂಡ ಟೂಲ್ ಟ್ಯೂಬನ್ನ ಹಿಂದಕ್ಕೆ ತಳ್ಳತ್ತೆ ಅನ್ನೋದು ತುಂಬಾ ಜನಕ್ಕೆ ಹೊಳೆಯಲ್ಲ, ಪ್ರೆಶರ್ ಏರಿಸಿಬಿಡ್ತಾರೆ, ಆಮೇಲೆ ಮೇಲೆ ಹೇಳಿದ ಮೊಟ್ಟೆ ಸಮಸ್ಯೆ ಹುಟ್ಟತ್ತೆ.

ಟ್ಯೂಬ್ ಒಳಗಡೆ ಚಿಪ್ಸ್ ಉಳಿಯೋದು ಬೇರೆನೇ ಕಥೆ, ಹೈಡ್ರಾಲಿಕ್ ಲೈನಿಗೋ ಬ್ರೇಕ್ ಲೈನಿಗೋ ಹೋಗೋ ಟ್ಯೂಬ್ ಆದ್ರೆ ಇದನ್ನ ಹಗುರ ತಗೋಬೇಡಿ. ಒಂದು ತುದಿಯಿಂದ ಏರ್ ಹೊಡೆದ್ರೆ ಒಣ ಚಿಪ್ ಹೋಗತ್ತೆ, ಎಣ್ಣೆಲಿ ಅಂಟಿದ್ದು ಹೋಗಲ್ಲ. ಟ್ಯೂಬಿನ ಐಡಿಗಿಂತ ಸ್ವಲ್ಪ ದಪ್ಪ ಇರೋ ಸ್ಪಂಜಿನ ಗುಂಡು ಗಾಳಿಲಿ ಹಾರಿಸಿ ಆಚೆ ತಳ್ಳೋ ಪದ್ಧತಿ ಒಳ್ಳೇದು, ಆಚೆ ಬಂದ ಗುಂಡಿನ ಮೇಲೆ ಏನು ಅಂಟಿದೆ ಅಂತ ಕಣ್ಣಲ್ಲೇ ನೋಡ್ಬಹುದು. ಅದಿಲ್ಲ ಅಂದ್ರೆ ಟ್ಯೂಬ್ ನೆಟ್ಟಗೆ ಹಿಡಿದು ಬಿಳೀ ಬಟ್ಟೆ ಮೇಲೆ ಕುಟ್ಟಿ.

ತೆಳು ಗೋಡೆಗೆ ಡ್ರಾಯಿಂಗಲ್ಲೇ ತಪ್ಪಿರತ್ತೆ ಕೆಲವು ಸಲ. ಗೋಡೆ 1.2 ಮಿ.ಮೀ., ಒಳಗೆ 0.5 ಹೊರಗೆ 0.5 ಚಾಂಫರ್ ಕೇಳಿದ್ರೆ ಮಧ್ಯೆ ಉಳಿಯೋದು 0.2. ಗೋಡೆ ದಪ್ಪ 10 ಪರ್ಸೆಂಟ್ ಕಮ್ಮಿ ಇರೋ ಜಾಗದಲ್ಲಿ 0.08, ಅದು ತುದಿ ಅಲ್ಲ, ಚಾಕು. ಅಂಥಾ ಪೀಸಿಗೆ ಎಷ್ಟು ಸೆಟ್ಟಿಂಗ್ ಮಾಡಿದ್ರೂ ಕೈ ಕುಯ್ಯತ್ತೆ, ಚಾಂಫರ್ 0.3ಕ್ಕೆ ಇಳಿಸೋಕೆ ಡಿಸೈನ್ ಅವರನ್ನ ಕೇಳೋದು ಬಿಟ್ಟು ದಾರಿ ಇಲ್ಲ. ಬರೀ "ಬರ್ ಇರಬಾರದು" ಅಂತಷ್ಟೇ ಬರೆದಿರೋ ಡ್ರಾಯಿಂಗಂತೂ ಜಗಳದ ಮೂಲ, ಇನ್‌ಸ್ಪೆಕ್ಟರ್ ಉಗುರಿಗೆ ಸಿಕ್ಕಿದ್ದು ಆಪರೇಟರ್ ಉಗುರಿಗೆ ಸಿಗಲ್ಲ. ಐಎಸ್ಓ 13715ರ (ಅಂಚು ಹೇಗಿರ್ಬೇಕು ಅಂತ ಡ್ರಾಯಿಂಗಲ್ಲಿ ಸೂಚಿಸೋ ಮಾನದಂಡ) ಪ್ರಕಾರ ಅಂಚಿಗೆ ನಂಬರ್ ಹಾಕ್ಸಿ, ಹೊರ ಅಂಚಲ್ಲಿ ಪ್ಲಸ್ ಇದ್ರೆ ಅಷ್ಟು ಬರ್ ಇರ್ಬಹುದು, ಮೈನಸ್ ಇದ್ರೆ ಬರ್ ಇರೋ ಹಾಗಿಲ್ಲ, ಅಂಚು ಅಷ್ಟು ತೆಗೆದಿರ್ಬೇಕು. ನಾವು ಇದನ್ನ ಹಾಕ್ಸಿದ ಮೇಲೆ ಹಳೇ ರಿಜೆಕ್ಷನ್ ಬುಟ್ಟಿನ ಮತ್ತೆ ಅಳೆದು ನೋಡಿದ್ವಿ, ಅದರಲ್ಲಿ ಎಷ್ಟೋ ಪೀಸ್ ಪಾಸ್ ಆಯ್ತು.